ನೌಕಾಭಂಗ ಮತ್ತು ರಾಜತಂತ್ರ: ಹಾಮೆಲನ ಕೊರಿಯಾ ವೃತ್ತಾಂತದ ಮರುಪರಿಶೀಲನೆ

ಡಚ್ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕಿಗ ಹೆಂಡ್ರಿಕ್ ಹಾಮೆಲನ ವೃತ್ತಾಂತವು 1668ರಲ್ಲಿ ಹಾಲೆಂಡಿನಲ್ಲಿ ಅಚ್ಚಾಯಿತು. ಕೊರಿಯಾ ದೇಶವನ್ನು ಕುರಿತು ಯುರೋಪಿಗೆ ದೊರೆತ ಮೊದಲ ವಿಸ್ತೃತ ಪ್ರತ್ಯಕ್ಷ ವಿವರಣೆ ಎಂಬುದು ಅದರ ಖ್ಯಾತಿ. ಆಮ್‌ಸ್ಟರ್‌ಡ್ಯಾಮಿನ ಮುದ್ರಕ ಸಾಗ್‌ಮನ್ ಅದಕ್ಕೆ ಆನೆ, ಮೊಸಳೆಗಳನ್ನೂ ಸೇರಿಸಿ ಅದ್ಭುತ ಕಥನವಾಗಿಸಿದನು. ಅಂದಿನಿಂದ ಅದನ್ನು ಸೆರೆಯ ಕಥೆಯೆಂದೋ ಪ್ರವಾಸಕಥನವೆಂದೋ ಓದುತ್ತ ಬರಲಾಗಿದೆ. ಮೂಲತಃ ಅದು ಕಂಪನಿಯ ಮೇಲಧಿಕಾರಿಗಳಿಗಾಗಿ ಸಿದ್ಧಪಡಿಸಿದ ವರದಿ. ಹಾಗೆ ಓದಿದಾಗ ಅದರ ಅರ್ಥವೇ ಬೇರೆಯಾಗುತ್ತದೆ.

1653ರ ಆಗಸ್ಟ್‌ನಲ್ಲಿ 'ಸ್ಪೆರ್ವರ್' ಎಂಬ ಹಡಗು ಜೆಜು ದ್ವೀಪದ ಬಳಿ ಒಡೆದಾಗ 64 ಮಂದಿಯಲ್ಲಿ 36 ಮಂದಿ ಬದುಕಿದರು. ಅವರಿಗೆ ಅನ್ನ, ವಸ್ತ್ರ, ಶುಶ್ರೂಷೆಗಳು ದೊರೆತವು. 1627ರಲ್ಲಿ ಸೆರೆಸಿಕ್ಕು ಅಲ್ಲಿಯೇ ನೆಲೆಸಿದ್ದ ವೆಲ್ಟೆವ್ರೇ ಎಂಬ ಡಚ್ಚನೇ ದುಭಾಷಿಯಾದನು. ಆದರೆ ಸ್ವದೇಶಕ್ಕೆ ಮರಳುವ ಅನುಮತಿ ಮಾತ್ರ ದೊರೆಯಲಿಲ್ಲ. ಹೊರಗಿನವರನ್ನು ಮರಳಿ ಕಳುಹಿಸುವ ಪದ್ಧತಿಯಿಲ್ಲವೆಂಬುದೇ ದೊರೆ ಹ್ಯೊಜೊಂಗನ ಉತ್ತರವಾಗಿತ್ತು. 1655ರಲ್ಲಿ ಇಬ್ಬರು ನಾವಿಕರು ಮಂಚು ರಾಯಭಾರಿಯ ಮುಂದೆ ಓಡಿಹೋಗಿ ಮೊರೆಯಿಟ್ಟರು. ರಾಯಭಾರಿಗೆ ಕಾಣಿಕೆ ಸಲ್ಲಿಸಿ ಪ್ರಸಂಗವನ್ನು ಮುಚ್ಚಲಾಯಿತೆಂದು ಹಾಮೆಲ್ ದಾಖಲಿಸುತ್ತಾನೆ. ಆ ಇಬ್ಬರೂ ಸೆರೆಮನೆಯಲ್ಲಿ ಸತ್ತರು. ಉಳಿದವರನ್ನು ಮರುವರ್ಷ ದಕ್ಷಿಣದ ಜೊಲ್ಲಾ ಪ್ರಾಂತಕ್ಕೆ ಅಟ್ಟಲಾಯಿತು.

ಇದನ್ನು ಕೊರಿಯನ್ನರ ಕ್ರೌರ್ಯವೆಂದು ತೀರ್ಮಾನಿಸುವ ವಿಮರ್ಶೆ ಒಂದು ಮುಖ್ಯ ಸಂಗತಿಯನ್ನು ಗಮನಿಸಿಲ್ಲ. ಅದೇ ರಾಜ್ಯವು ತನ್ನ ತೀರಕ್ಕೆ ಬಂದುಬಿದ್ದ ಜಪಾನೀ ನಾವಿಕರನ್ನು ತ್ಸುಶಿಮಾ ದ್ವೀಪದ ಪಾಳೆಯಗಾರನ ಮೂಲಕ ಕ್ರಮಬದ್ಧವಾಗಿ ಹಿಂದಿರುಗಿಸುತ್ತಿತ್ತು. ಡಚ್ಚರ ವಿಷಯದಲ್ಲಿ ಕೊರತೆಯಾದದ್ದು ಕರುಣೆಯಲ್ಲ, ಪತ್ರವ್ಯವಹಾರದ ದಾರಿ. ಮಂಚು ಅರಸರಿಗೆ ಅಧೀನವಾಗಿದ್ದ ರಾಜ್ಯಕ್ಕೆ ತನ್ನಲ್ಲಿರುವ ಪರದೇಶೀಯರ ಸುದ್ದಿ ಹೊರಬೀಳುವುದೂ ಅಪಾಯಕರವಾಗಿತ್ತು.

ಜಪಾನಿನ ನಡವಳಿಕೆಯೂ ಇದನ್ನೇ ಸಮರ್ಥಿಸುತ್ತದೆ. 1666ರಲ್ಲಿ ದೋಣಿಯೇರಿ ತಪ್ಪಿಸಿಕೊಂಡ ಹಾಮೆಲ್ ಮತ್ತು ಏಳು ಸಂಗಡಿಗರಿಗೆ ನಾಗಸಾಕಿಯ ಅಧಿಕಾರಿಗಳು 54 ಪ್ರಶ್ನೆಗಳನ್ನು ಹಾಕಿದರು. ಡಚ್ಚರ ಕೋಠಿಯಿದ್ದ ಡೆಜಿಮಾದಲ್ಲಿ, ತಮ್ಮವರ ನಡುವೆಯೇ ಇದ್ದರೂ, ಶೋಗನ್ ಆಡಳಿತದ ಅಪ್ಪಣೆಗಾಗಿ ಅವರು ಒಂದು ವರ್ಷ ಕಾಯಬೇಕಾಯಿತು. ಕೊರಿಯಾದಲ್ಲಿ ಉಳಿದ ಎಂಟು ಮಂದಿಯ ಬಗ್ಗೆ ತ್ಸುಶಿಮಾದ ಮೂಲಕವೇ ಮಾತುಕತೆ ನಡೆದು, 1668ರಲ್ಲಿ ಏಳು ಮಂದಿ ಬಿಡುಗಡೆಯಾದರು. ಎಂಟನೆಯವನು ತೀರಿಕೊಂಡನೋ, ಸ್ವಇಚ್ಛೆಯಿಂದ ಉಳಿದನೋ ಎಂಬಲ್ಲಿ ದಾಖಲೆಗಳಿಗೆ ಒಮ್ಮತವಿಲ್ಲ.

ಈ ಬಿಡುಗಡೆ ಹಾಮೆಲನ ವೃತ್ತಾಂತದಲ್ಲಿಲ್ಲ. ಅದಕ್ಕೂ ಮೊದಲೇ ಅವನ ಬರವಣಿಗೆ ಮುಗಿದಿತ್ತು. ಆದ್ದರಿಂದ ಆ ಕೃತಿಯನ್ನಷ್ಟೇ ನೆಚ್ಚಿದ ಓದುಗನಿಗೆ ಬಿಡುಗಡೆಯೆಂದರೆ ಎಂಟು ಮಂದಿಯ ಸಾಹಸವಾಗಿಯೇ ಕಾಣುತ್ತದೆ. ಉಳಿದ ಏಳು ಮಂದಿ ಸಾಹಸದಿಂದ ಪಾರಾದವರಲ್ಲ. ಎರಡು ರಾಜ್ಯಗಳ ನಡುವೆ ಮೊದಲೇ ರೂಢಿಯಲ್ಲಿದ್ದ ಓಲೆಗಳ ದಾರಿಯೇ ಅವರನ್ನು ಮನೆಗೆ ತಲುಪಿಸಿತು. ಹಾಮೆಲನ ವೃತ್ತಾಂತವನ್ನು ಕೊರಿಯಾ ಮತ್ತು ಜಪಾನಿನ ಕಡತಗಳ ಜೊತೆಗಿಟ್ಟು ಓದಿದಾಗಲೇ ಈ ಸತ್ಯ ತಿಳಿಯುತ್ತದೆ.