ಹೆಬ್ಬೆರಳಿನಷ್ಟು ಸಿಪಾಯಿ, ಸೀರೆಯಷ್ಟು ಬೆಲೆ

ಈ ಬೇಸಿಗೆಯಲ್ಲಿ ನಮ್ಮ ಮನೆಗೆ ಒಂದು ದಂಡು ಬಂದು ಇಳಿದಿತ್ತು. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ರಜೆಗೆಂದು ಬಾಗಲಕೋಟೆಗೆ ಬಂದಾಗ ಅವನ ಬಟ್ಟೆಯ ಚೀಲ ಸಣ್ಣದಿತ್ತು, ಸ್ಪಂಜು ಹಾಸಿದ ಪೆಟ್ಟಿಗೆ ದೊಡ್ಡದಿತ್ತು. ಮುಚ್ಚಳ ತೆಗೆದರೆ ಒಳಗೆ ಹೆಬ್ಬೆರಳಿನ ಎತ್ತರದ ಸಿಪಾಯಿಗಳು, ಒಬ್ಬೊಬ್ಬನಿಗೂ ಒಂದೊಂದು ಖಣ.

"ಅತ್ಯಾ, ಇದಕ್ಕ ಆಟಿಗಿ ಸಾಮಾನ ಅನಬ್ಯಾಡ. ಮಿನಿಯೇಚರ್ ಅಂತಾರ."

"ಏನರ ಅನ್ನಲಿ, ರೊಕ್ಕ ಎಷ್ಟು ಕೊಟ್ಟಿ?"

ಹತ್ತು ಸಿಪಾಯಿಗಳ ಒಂದು ಡಬ್ಬಿಗೆ ನಾಲ್ಕೂವರೆ ಸಾವಿರವಂತೆ! ಅದೂ ಬಿಡಿಬಿಡಿ ತುಂಡುಗಳು. ಅಂಟು, ಬಣ್ಣ, ಕುಂಚ ಎಲ್ಲ ಬೇರೆ. ಒಂದು ದಂಡು ಅನ್ನಿಸಿಕೊಳ್ಳಲು ಇಂಥ ಡಬ್ಬಿಗಳು ಹಲವು ಬೇಕು. ಯುಗಾದಿಗೆ ಇಳಕಲ್ಲಿಗೆ ಹೋಗಿ ನಾನು ತಂದ ಕೈಮಗ್ಗದ ಸೀರೆಗೂ ಹೆಚ್ಚುಕಡಿಮೆ ಅಷ್ಟೇ ಬೆಲೆ. ಅಲ್ಲಿಂದ ನನ್ನ ತಲೆಯಲ್ಲಿ ಲೆಕ್ಕ ಶುರುವಾಯಿತು.

ಮೇಜಿನ ಮೇಲೆ ಯುದ್ಧ ಆಡುವುದು ಹೊಸದೇನಲ್ಲ. ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕದಲ್ಲಿ ಇಂಥ ಆಟದ ನಿಯಮಗಳನ್ನು ಬರೆದ. ಮಕ್ಕಳ ಕೋಣೆಯ ನೆಲ, ಮರದ ತುಂಡುಗಳ ಮನೆ, ಆಟದ ಸಿಪಾಯಿಗಳು, ಸ್ಪ್ರಿಂಗಿನ ತೋಪು, ಇಷ್ಟೇ ಸಾಕಿತ್ತು. ನಿಜವಾದ ಯುದ್ಧಕ್ಕಿಂತ ಇದು ಎಷ್ಟೋ ವಾಸಿ ಎಂದೂ ಅವನು ಬರೆದ. ಮರುವರ್ಷವೇ ಮಹಾಯುದ್ಧ ಶುರುವಾಯಿತು, ಆ ಮಾತು ಬೇರೆ.

ನಮ್ಮ ಹುಡುಗ ಆಡುವುದು 'ವಾರ್‌ಹ್ಯಾಮರ್ 40,000' ಎಂಬ ಆಟ. 1987ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಇದರ ನಿಯಮದ ಪುಸ್ತಕ 2017ರಲ್ಲಿ ಹೊಸದಾಯಿತು, 2020ರಲ್ಲಿ ಮತ್ತೆ, 2023ರಲ್ಲಿ ಇನ್ನೊಮ್ಮೆ. ಪುಸ್ತಕ ಬದಲಾದರೆ ನಿನ್ನೆಯ ಶೂರ ಇಂದು ಕೆಲಸಕ್ಕೆ ಬಾರದವನಾಗಬಹುದು. ಆಗ ಹೊಸ ಡಬ್ಬಿ ಬೇಕು. ನಮ್ಮ ಸರಕಾರದ ಪಾಲೂ ಇದೆ ಅನ್ನಿ. ಹೊರದೇಶದ ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ. 70 ಆಯಿತು.

ಬೆಲೆ ಹೆಚ್ಚಾದದ್ದೆಲ್ಲ ಅನ್ಯಾಯವೆಂದು ನಾನು ಹೇಳುವುದಿಲ್ಲ. ಇಳಕಲ್ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಬೇಕು. ಪ್ರತಿ ಸೀರೆಗೂ ಅಷ್ಟೇ ದುಡಿಮೆ. ಸಿಪಾಯಿಯ ಅಚ್ಚು ಮಾಡುವುದೂ ಖರ್ಚಿನ ಕೆಲಸವೇ. ಆದರೆ ಒಮ್ಮೆ ಅಚ್ಚಾದ ಮೇಲೆ ಅದರಿಂದ ಸಾವಿರಾರು ಸಿಪಾಯಿಗಳು ಬೀಳುತ್ತಾರೆ. ಸೀರೆಯ ಬೆಲೆಯಲ್ಲಿ ನೇಕಾರನ ಕೈ ಕಾಣುತ್ತದೆ. ಡಬ್ಬಿಯ ಬೆಲೆಯಲ್ಲಿ ನನಗೆ ಹೆಚ್ಚಾಗಿ ಕಂಡದ್ದು ಹೆಸರು.

ಹುಡುಗನ ಪರವಾಗಿಯೂ ಒಂದು ಮಾತು ಹೇಳಬೇಕು. ಊಟಕ್ಕೆ ಹತ್ತು ನಿಮಿಷ ಕೂಡದವನು ರಾತ್ರಿ ಮೂರು ತಾಸು ಅಲುಗಾಡದೆ ಕುಳಿತು, ಸಿಪಾಯಿಯ ಕಣ್ಣಿಗೆ ಸಾಸಿವೆಗಿಂತ ಸಣ್ಣ ಚುಕ್ಕಿ ಇಡುತ್ತಿದ್ದ. ಆ ತಾಳ್ಮೆಗೆ ನಾನು ಸೋತೆ. ಹೀಗೆ ಕುಳಿತು ಬರೆದಿದ್ದರೆ ನನ್ನ ಶಾಲೆಯ ಮಕ್ಕಳೆಲ್ಲ ಪಾಸಾಗುತ್ತಿದ್ದರು.

ನನ್ನನ್ನು ಕುಟುಕಿದ್ದು ಬೇರೆ ಸಂಗತಿ. ನಮ್ಮ ಓಣಿಯ ಒಬ್ಬ ಹುಡುಗ, ನನ್ನ ಶಾಲೆಯವನೇ, ಆಟ ನೋಡಲು ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಮೂರನೆಯ ದಿನ ತಾನೇ ಎರೆಮಣ್ಣಿನಲ್ಲಿ ಹತ್ತು ಸಿಪಾಯಿಗಳನ್ನು ಮಾಡಿ ತಂದ. ಕಡ್ಡಿಯ ಭಾಲೆ, ಜೋಳದ ಕಾಳಿನ ಗುರಾಣಿ! ನಮ್ಮವನು ನೋಡಿ, "ಛಲೋ ಅದಾವು, ಆದ್ರ ನಮ್ಮ ಆಟದಾಗ ಇವು ನಡಿಯಂಗಿಲ್ಲ. ಡಬ್ಬಿದೇ ಆಗಬೇಕು," ಅಂದ. ಹುಡುಗ ಡಬ್ಬಿಯವನ್ನು ನೋಡಲೆಂದು ಕೈ ಚಾಚಿದ. ಆಗ ನಾನು, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ಏನಂದೆ ಗೊತ್ತೇ? "ಮುಟ್ಟಬ್ಯಾಡಪಾ, ಭಾಳ ತುಟ್ಟಿ ಅದಾವು."

ಅವನು ತನ್ನ ದಂಡನ್ನು ಅಂಗಿಯ ಉಡಿಯಲ್ಲಿ ತುಂಬಿಕೊಂಡು ಹೋದ. ಮರುದಿನ ಬರಲಿಲ್ಲ.

ನಾನು ಹುನಗುಂದದ ಕಡೆಯ ಹಳ್ಳಿಯಲ್ಲಿ ಬೆಳೆದವಳು. ಗುಡಿಯ ಕಟ್ಟೆಯ ಮೇಲೆ ಇದ್ದಲಿಯಿಂದ ಗೆರೆ ಎಳೆದು ಹುಲಿಕುರಿ ಆಡುತ್ತಿದ್ದೆವು. ಹುಲಿ ಅಂದರೆ ಹೆಂಚಿನ ಚೂರು, ಕುರಿ ಅಂದರೆ ಹುಣಸೆಬೀಜ. ಗೌಡರ ಮಗಳ ಹುಣಸೆಬೀಜಕ್ಕೂ ನನ್ನದಕ್ಕೂ ಬೆಲೆ ಒಂದೇ. ಬೆಳಗಾವಿಯಲ್ಲಿ ಇಂದಿಗೂ ದೀಪಾವಳಿಗೆ ಹುಡುಗರು ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟುತ್ತಾರೆ, ಮೇಲೆ ಶಿವಾಜಿಯನ್ನು ಕೂಡಿಸಿ ಸುತ್ತ ಮಾವಳೆ ಸಿಪಾಯಿಗಳನ್ನು ನಿಲ್ಲಿಸುತ್ತಾರೆ. ಸಿಪಾಯಿಗಳನ್ನು ಪೇಟೆಯಿಂದ ತಂದರೂ ಕಿಲ್ಲೆಯನ್ನು ಕೈಯಾರೆ ಕಟ್ಟಬೇಕು. ಕಲ್ಲು ಹೊರುವವನಿಗೂ ಅಲ್ಲಿ ಜಾಗವಿದೆ.

ಆಟದ ಸಾಮಾನು ತುಟ್ಟಿಯಾದರೆ ಕೊಂಡವನ ಕಿಸೆ ಖಾಲಿಯಾಗುತ್ತದೆ, ಅದು ಅವನ ಕಷ್ಟ. ಆದರೆ ಕೊಳ್ಳಲಾರದವನು ಬಾಗಿಲಲ್ಲಿ ಉಳಿಯುತ್ತಾನಲ್ಲ, ಆ ಬೆಲೆ ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಆ ಬಾಗಿಲನ್ನು ಅರ್ಧ ಮುಚ್ಚಿದವಳು ನಾನೇ.

ಜೂನಿನಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಆ ವೇಳೆಗೆ ತಮ್ಮನ ಮಗ ಬೆಂಗಳೂರಿಗೆ ಹೋಗಿದ್ದ. ಕುಂಬಾರ ಅವ್ವ ಜೋಡಿ ಎತ್ತಿಗೆ ಅರವತ್ತು ಅಂದಳು. "ಹೋದ ವರ್ಷ ನಲವತ್ತಿತ್ತಲ್ಲ ಬೇ?" ಎಂದು ನನ್ನ ಬಾಯಿ ತಾನಾಗಿಯೇ ತೆರೆಯಿತು. ನೀವೂ ಹಾಗೇ ಅನ್ನುತ್ತಿದ್ದಿರಿ, ಅಲ್ಲವೇ? ನಾಲ್ಕೂವರೆ ಸಾವಿರಕ್ಕೆ ಚೌಕಾಸಿ ಮಾಡದ ಮನೆತನ ನಮ್ಮದು! ನಾಚಿಕೆಯಾಗಿ ಅರವತ್ತು ಕೊಟ್ಟೆ.

ಎತ್ತು ಒಯ್ಯುವಾಗ ಓಣಿಯ ಆ ಹುಡುಗ ಎದುರಾದ. "ನಿನ್ನ ದಂಡು ಎಲ್ಲೈತೋ?" ಅಂದೆ. "ಮಳಿಗೆ ಕರಗ್ಯಾವ್ರೀ ಟೀಚರ್," ಅಂದ, ನಗುತ್ತ. "ಮತ್ತ ಮಾಡ್ತೀನ್ರಿ."

ಈ ಸಲ ಮಾಡಿದರೆ ನಮ್ಮ ಮನೆಯ ಮೇಜಿನ ಮೇಲೆ ಇಡು ಎಂದು ಹೇಳಿ ಬಂದಿದ್ದೇನೆ. ದೀಪಾವಳಿಗೆ ತಮ್ಮನ ಮಗನೂ ಬರುತ್ತಾನೆ. ಆಗ ನಿಯಮ ನನ್ನದು.