ಹಿಂದಿರುಗುವ ದಾರಿಯುಳ್ಳವನ ಬಡತನ

ಪರದೇಶದಲ್ಲಿ ಸೇವೆಗೈದು ಮರಳಿದವರ ಬರಹಗಳು ಸಾಮಾನ್ಯವಾಗಿ ಎರಡು ಬಗೆಯವು. ಒಂದರಲ್ಲಿ ಸೇವಕನೇ ಕಥಾನಾಯಕ. ಇನ್ನೊಂದರಲ್ಲಿ ಆಶ್ರಯವಿತ್ತ ಜನರ ಮುಗ್ಧತೆಯ ಸ್ತುತಿ. ಈ ಎರಡಕ್ಕೂ ಸೇರದ ಕೃತಿ ಮೊರಿಟ್ಜ್ ಥಾಮ್ಸೆನ್ ಅವರ ‘ಲಿವಿಂಗ್ ಪೂರ್’. 1969ರಲ್ಲಿ ಪ್ರಕಟವಾದ ಈ ಆಂಗ್ಲ ಗ್ರಂಥ ಇಂದಿಗೂ ಓದತಕ್ಕದ್ದಾಗಿದೆ.

ಅಮೆರಿಕದ ಅಧ್ಯಕ್ಷ ಕೆನೆಡಿಯವರು 1961ರಲ್ಲಿ ಆರಂಭಿಸಿದ ಪೀಸ್ ಕೋರ್ ಸಂಸ್ಥೆಯನ್ನು ಸೇರಿದವರಲ್ಲಿ ಹೆಚ್ಚಿನವರು ಆಗತಾನೇ ಕಾಲೇಜು ಬಿಟ್ಟ ತರುಣರು. (1976ರವರೆಗೆ ಭಾರತದ ಹಳ್ಳಿಗಳಿಗೂ ಅವರು ಬರುತ್ತಿದ್ದರು.) ಥಾಮ್ಸೆನ್ ಅವರಾದರೋ ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿ ಹಾರಿ, ಬಳಿಕ ಕ್ಯಾಲಿಫೋರ್ನಿಯಾದಲ್ಲಿ ಬೇಸಾಯಗೈದು, ನಲವತ್ತೆಂಟರ ವಯಸ್ಸಿನಲ್ಲಿ ಸ್ವಯಂಸೇವಕರಾದರು. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಎಸ್ಮೆರಾಲ್ಡಾಸ್ ಪ್ರಾಂತ್ಯದಲ್ಲಿ, ಪೆಸಿಫಿಕ್ ಕಡಲ ತೀರದ ರಿಯೊ ವೆರ್ದೆ ಅವರ ಕಾರ್ಯಕ್ಷೇತ್ರ. ಆಫ್ರಿಕಾದಿಂದ ದಾಸ್ಯಕ್ಕೆ ತರಲ್ಪಟ್ಟವರ ಸಂತತಿಯೇ ಹೆಚ್ಚಾಗಿರುವ ಸೀಮೆ ಅದು.

ಭಾಷೆಯ ತೊಡಕು, ಸೊಳ್ಳೆ, ಏಕಾಂತ ಮೊದಲಾದವು ಇಂಥ ಎಲ್ಲ ಪುಸ್ತಕಗಳಲ್ಲಿಯೂ ಇರುವಂತೆ ಇಲ್ಲಿಯೂ ಇವೆ. ಕೃತಿಯ ಸತ್ತ್ವವಿರುವುದು ಅನ್ನದ ವಿಚಾರದಲ್ಲಿ. ಹೊರಗಿನಿಂದ ಬಂದವನ ಕಣ್ಣಿಗೆ ಹಳ್ಳಿಗರು ಸೋಮಾರಿಗಳೆಂದೇ ತೋರುವರು. ಆದರೆ ಅವರುಣ್ಣುವ ಅನ್ನ, ಬಾಳೆಕಾಯಿಗಳನ್ನೇ ತಾನೂ ಉಂಡು ಬಾಳತೊಡಗಿದಾಗ ಲೇಖಕರ ಮೈಯೂ ಕುಗ್ಗುತ್ತದೆ. ಆಲಸ್ಯವೆಂದುಕೊಂಡದ್ದು ಹಸಿವೆಂಬುದು ಉಪದೇಶದಿಂದಲ್ಲ, ಸ್ವಂತ ಶರೀರದಿಂದಲೇ ಮನದಟ್ಟಾಗುತ್ತದೆ. ಇನ್ನೂ ಕಠಿನವಾದ ಪಾಠ ಹಂಚಿಕೊಳ್ಳುವುದಕ್ಕೆ ಸಂಬಂಧಿಸಿದ್ದು. ನಾಳೆಗೆಂದು ಕೂಡಿಡುವವನು ಆ ಊರಿನಲ್ಲಿ ವಿವೇಕಿಯಲ್ಲ, ಬಂಧುಗಳಿಗೆ ಬೆನ್ನು ತಿರುಗಿಸಿದವನು. ಲೇಖಕರ ಮಾತು ನಂಬಿ ದುಡಿದು ಮೇಲೇಳತೊಡಗಿದ ರಾಮೋನ್ ಎಂಬ ತರುಣ, ಏರಿದಷ್ಟೂ ತನ್ನವರಿಂದ ದೂರವಾಗುತ್ತಾನೆ. ನೆರವಿನೊಡನೆ ಒಂದು ಅಸಮತೆಯೂ ಊರೊಳಗೆ ಕಾಲಿಟ್ಟಿತೆಂಬುದನ್ನು ಥಾಮ್ಸೆನ್ ಮರೆಮಾಚುವುದಿಲ್ಲ. ದತ್ತಿನಿಧಿಗಳನ್ನು ನಿರ್ವಹಿಸುವವರು ಈ ಪುಟಗಳನ್ನು ನಿಧಾನವಾಗಿ ಓದಬೇಕು.

ಆದರೂ ಬಡವನಾಗಿ ಬದುಕುವುದೆಂಬ ಅರ್ಥದ ಶೀರ್ಷಿಕೆಯನ್ನು ಹಾಗೆಯೇ ಒಪ್ಪುವಂತಿಲ್ಲ. ಸ್ವಯಂಸೇವಕನಿಗೆ ಸಂಸ್ಥೆಯಿಂದ ನಿರ್ವಹಣಾ ಭತ್ಯೆಯುಂಟು, ಕಾಯಿಲೆ ಬಿದ್ದರೆ ವೈದ್ಯೋಪಚಾರವುಂಟು, ಅವಧಿ ತೀರಿದರೆ ಸ್ವದೇಶವುಂಟು. ಇರುವುದನ್ನು ಬಿಟ್ಟವನ ಅಪರಿಗ್ರಹ ಬೇರೆ, ಏನೂ ಇಲ್ಲದವನ ಅಭಾವ ಬೇರೆ. ಉಪವಾಸ ಹಿಡಿದವನಿಗೆ ಪಾರಣೆಯ ದಿನ ತಿಳಿದಿರುತ್ತದೆ. ಹಸಿದವನಿಗೆ ಅದು ತಿಳಿಯದು. ಈ ಭೇದ ಲೇಖಕರಿಗೆ ಗೊತ್ತು. ಕೃತಿಯ ಶ್ರೇಷ್ಠ ಭಾಗಗಳಲ್ಲಿ ಅದೇ ಅವರನ್ನು ಕಾಡುತ್ತದೆ. ಊರಿನ ಹೆಂಗಸರ ಲೋಕವು ಮಾತ್ರ ಗಂಡಸರದರಷ್ಟು ತೆರೆದುಕೊಂಡಿಲ್ಲವೆಂಬುದು ಒಂದು ಕೊರತೆಯೇ.

ಹಂದಿ-ಕೋಳಿಗಳ ಸಾಕಣೆ ಅವರ ಯೋಜನೆಯ ಮುಖ್ಯ ಅಂಗ. ಅಹಿಂಸಾಣುವ್ರತವನ್ನು ಪಾಲಿಸುವ ವಾಚಕರಿಗೆ ಆ ಪುಟಗಳು ಕಹಿಯಾಗುವುದು ಸಹಜ. ಅಷ್ಟಕ್ಕೇ ಪುಸ್ತಕವನ್ನು ಮುಚ್ಚಿಡುವುದಾದರೆ ಅದು ತೀರ ಸುಲಭದ ಹಾದಿ. ಪುಷ್ಟಿಯಿಲ್ಲದೆ ಸೊರಗಿದ ಮಗುವಿನ ಮುಂದೆ ನಿಂತು ‘ಇದು ಸಲ್ಲದು’ ಎನ್ನುವವನು, ಆ ನೆಲದಲ್ಲಿ ಯಾವ ಕಾಳು ಬಿತ್ತಬಹುದು, ಬೆಳೆ ಬರುವವರೆಗೆ ಆ ಮನೆಯವರು ಏನು ಉಣ್ಣಬೇಕು ಎಂಬುದಕ್ಕೂ ಉತ್ತರ ಕೊಡಬೇಕಾಗುತ್ತದೆ. ಥಾಮ್ಸೆನ್ ಅವರ ಉತ್ತರವನ್ನು ಒಪ್ಪದವರಿಗೂ ಅವರೆದುರಿಸಿದ ಪ್ರಶ್ನೆಯಿಂದ ಬಿಡುಗಡೆಯಿಲ್ಲ.

ಪರದೇಶದ ಸೇವೆಯೇ ಬೇಡವೆಂದವರೂ ಉಂಟು. ಮೆಕ್ಸಿಕೋದ ಹಳ್ಳಿಗಳಿಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳಿಗೆ ಇವಾನ್ ಇಲಿಚ್ 1968ರಲ್ಲಿ, ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧರಿಸಲು ಮಾತ್ರ ಬರಬೇಡಿರೆಂಬ ಆಶಯದ ಭಾಷಣ ಮಾಡಿದರು. ಆ ಖಂಡನೆ ತೀಕ್ಷ್ಣವಾದುದು, ಬಹುಮಟ್ಟಿಗೆ ನ್ಯಾಯವಾದುದೂ ಹೌದು. ಆದರೆ ಬಂದು ನಿಂತು, ಸೋತು, ನೆರೆಮನೆಯವನಾಗಿಬಿಟ್ಟವನಿಗೆ ಅದರಲ್ಲಿ ಎಡೆಯಿಲ್ಲ. ಥಾಮ್ಸೆನ್ ಅಂಥವರು. ಸೇವಾವಧಿಯ ತರುವಾಯ ಅವರು ಈಕ್ವೆಡಾರಿನಲ್ಲಿಯೇ ನೆಲೆಸಿ, ಅದೇ ರಾಮೋನನೊಡನೆ ಪಾಲುದಾರಿಕೆಯಲ್ಲಿ ಜಮೀನು ಮಾಡಿದರು; 1991ರಲ್ಲಿ ಅಲ್ಲಿಯೇ ತೀರಿಕೊಂಡರು. ಆ ಜಮೀನಿನ ಕಥೆಯಾದ ‘ದಿ ಫಾರ್ಮ್ ಆನ್ ದಿ ರಿವರ್ ಆಫ್ ಎಮರಾಲ್ಡ್ಸ್’ 1978ರಲ್ಲಿ ಬಂದಿತು. ಅಲ್ಲಿ ಅವರು ಸ್ವಯಂಸೇವಕರಲ್ಲ, ಕೂಲಿ ಕೊಡುವ ಒಡೆಯರು. ಮೊದಲ ಪುಸ್ತಕದ ಸ್ನೇಹದ ದನಿ ಆ ಪುಟಗಳಲ್ಲಿ ಬಹಳಷ್ಟು ಗಡುಸಾಗಿದೆ.