ಹುಟ್ಟಿಗೆ ಬಿದ್ದ ಅಂಕ

ಒಂದು ಕುಲಕ್ಕೆ ಬುದ್ಧಿಯಲ್ಲಿ ಎರಡು ಅಂಕ ಕಡಿಮೆ ಎಂದು ಅಚ್ಚು ಹಾಕಿಸಿ ಮಾರಲು ಬರುತ್ತದೆಯೇ? ಆಟದ ಪುಸ್ತಕವಾದರೆ ಬರುತ್ತದೆ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಅಮೆರಿಕದ ಆಟಕ್ಕಾಗಿ 2016ರಲ್ಲಿ ಬಂದ ಒಂದು ಪುಸ್ತಕದಲ್ಲಿ ‘ಆರ್ಕ್’ ಎಂಬ ಕಲ್ಪಿತ ಕುಲಕ್ಕೆ ಬಲದಲ್ಲಿ ಎರಡು ಅಂಕ ಹೆಚ್ಚು, ಬುದ್ಧಿಯಲ್ಲಿ ಎರಡು ಕಡಿಮೆ ಎಂದು ನಿಯಮವೇ ಇತ್ತು.

ಈ ಆಟವನ್ನು ಹೊಸಪೇಟೆಗೆ ತಂದವನು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ. ನಾಲ್ಕೈದು ಜನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ, ಗೆಲುವು ಸೋಲನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಮ್ಮ ಬಯಲಾಟದ ಮಾಸ್ತರನೂ ಸಾರಥಿಯೂ ಒಬ್ಬನೇ ಆದರೆ ಹೇಗೋ ಹಾಗೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದಾಗಲೇ ಹುಟ್ಟಿಗೊಂದು ಮೇರೆ ಇತ್ತು. ಕುಳ್ಳರ ಕುಲದ ಯೋಧ ಆರನೆಯ ಮೆಟ್ಟಿಲಿಗೆ ನಿಲ್ಲಬೇಕು. ಮನುಷ್ಯನಿಗೆ ಮಾತ್ರ ಅಂಥ ತಡೆಯಿಲ್ಲ. ನಿಯಮ ಬರೆದವರು ಯಾವ ಕುಲದವರು ಎಂದು ಬೇರೆ ಹೇಳಬೇಕಾಗಿಲ್ಲ.

‘ಮಾಮಾ, ಭೇದಾನೇ ಇಲ್ಲಂದ್ರ ಆಟ ಹೆಂಗ ಆಗತೈತಿ?’ ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆಯೇ. ಹಂಪಿಯ ಮಂಟಪಗಳ ಹಾಸುಗಲ್ಲಿನ ಮೇಲೆ ಯಾರು ಯಾವಾಗ ಕೊರೆದರೋ, ಆಟದ ಮನೆಗಳು ಇನ್ನೂ ಕಾಣುತ್ತವೆ. ನಮ್ಮ ಹುಲಿ-ಕುರಿ ಆಟವನ್ನೇ ನೋಡಿ. ಒಂದು ಬಗೆಯಲ್ಲಿ 3 ಹುಲಿ, 15 ಕುರಿ. ಹುಲಿ ಹಾರಿ ಕುರಿಯನ್ನು ತಿನ್ನಬಹುದು, ಕುರಿ ಯಾರನ್ನೂ ತಿನ್ನುವಂತಿಲ್ಲ, ಸುತ್ತುಗಟ್ಟಿ ಹುಲಿಯನ್ನು ಕಟ್ಟಿಹಾಕಬೇಕು. ಇದಕ್ಕಿಂತ ದೊಡ್ಡ ಭೇದ ಯಾವ ಆಟದಲ್ಲಿದೆ? ಆದರೂ ಯಾರಿಗೂ ನೋವಿಲ್ಲ. ಕುರಿಯಾದ ಹುಣಸೆಬೀಜಕ್ಕೆ ಭಾಷೆಯಿಲ್ಲ, ದೇವರಿಲ್ಲ, ಸತ್ತವರಿಗೆ ಅಳುವ ಹಾಡಿಲ್ಲ. ಆರ್ಕ್‌ಗಾದರೋ ಪುಸ್ತಕ ಇವೆಲ್ಲವನ್ನೂ ಕೊಡುತ್ತದೆ. ದೇವರು, ನುಡಿ, ಪಂಗಡ, ಹಗೆಯ ಚರಿತ್ರೆ ಎಲ್ಲ ಕೊಟ್ಟು ಮನುಷ್ಯನನ್ನಾಗಿ ಮಾಡಿ, ಆಮೇಲೆ ಬುದ್ಧಿಯಲ್ಲಿ ಎರಡು ಅಂಕ ಕಳೆಯುತ್ತದೆ. ನನ್ನ ತಕರಾರು ಇರುವುದು ಆ ‘ಆಮೇಲೆ’ಯಲ್ಲಿ.

ಈ ತಕರಾರು ನಮ್ಮ ಸೀಮೆಗೆ ಹೊಸದಲ್ಲ. ಹೊಳೆಯ ಆಚೆ ಆನೆಗೊಂದಿಯನ್ನು ನಾವು ಕಿಷ್ಕಿಂಧೆ ಎನ್ನುತ್ತೇವೆ. ಅಲ್ಲಿನ ವಾನರರಿಗೆ ರಾಜ್ಯವಿದೆ, ಮಂತ್ರಿಯಿದ್ದಾನೆ, ಅಣ್ಣತಮ್ಮರ ಜಗಳವಿದೆ, ಜೊತೆಗೆ ಬಾಲವೂ ಇದೆ. ಸುಮಾರು 1100ರ ಹೊತ್ತಿಗೆ ನಾಗಚಂದ್ರ ‘ರಾಮಚಂದ್ರಚರಿತ ಪುರಾಣ’ ಬರೆದಾಗ ಜೈನ ಪರಂಪರೆಯಂತೆ ಈ ಬಾಲವನ್ನು ತೆಗೆದುಹಾಕಿದ. ಅವನ ವಾನರರು ಕೋತಿಗಳಲ್ಲ, ಬಾವುಟದಲ್ಲಿ ಕಪಿಯ ಚಿಹ್ನೆಯುಳ್ಳ ವಿದ್ಯಾಧರರು. ರಾಕ್ಷಸರೂ ಒಂದು ವಿದ್ಯಾಧರ ವಂಶವೇ. ರಾವಣ ಕೆಡುವುದು ರಾಕ್ಷಸನಾಗಿ ಹುಟ್ಟಿದ್ದರಿಂದಲ್ಲ, ವ್ರತವಿಟ್ಟುಕೊಂಡ ದೊಡ್ಡ ಮನುಷ್ಯನೊಬ್ಬನ ಮನಸ್ಸು ಒಮ್ಮೆ ಜಾರಿದ್ದರಿಂದ. ಮೈಗೆ ಅಂಟಿದ್ದನ್ನು ಬಿಡಿಸಿ ಬಾವುಟಕ್ಕೆ ಕಟ್ಟಿದ್ದು ಸಣ್ಣ ತಿದ್ದುಪಡಿಯಲ್ಲ.

ಆದರೆ ಇದಕ್ಕೂ ಒಂದು ಬೆಲೆ ತೆರಬೇಕಾಯಿತು. ಎಲ್ಲರೂ ವಿದ್ಯಾಧರರಾದರು, ಎಲ್ಲರೂ ಕವಿಯ ಧರ್ಮದ ಅಂಗಳಕ್ಕೆ ಬಂದರು. ಕಾಡಿನಲ್ಲಿದ್ದು ನಮ್ಮಂತೆ ಬದುಕದೆಯೂ ನಮಗೆ ಸಮನಾಗಿರುವ ವಾನರ ಎಲ್ಲಿಹೋದ? ಅಮೆರಿಕದ ಆಟವೂ ಈಗ ಇದೇ ದಾರಿಯಲ್ಲಿದೆ. ಆ ಎರಡು ಅಂಕದ ಕಡಿತವನ್ನು 2020ರಲ್ಲಿ ತೆಗೆದರು. 2024ರ ಪುಸ್ತಕದಲ್ಲಿ ಅಂಕಗಳನ್ನು ಹುಟ್ಟಿನಿಂದ ಬಿಡಿಸಿ, ಬೆಳೆದ ಬಗೆ ಮತ್ತು ಕಸುಬಿಗೆ ಸೇರಿಸಿದರು. ಇದು ಸರಿ. ‘ರೇಸ್’ ಎಂಬ ಮಾತಿನ ಬದಲು ‘ಸ್ಪೀಷೀಸ್’ ಎಂದರು. ಇದು ನನಗೆ ಒಪ್ಪಿಗೆಯಿಲ್ಲ. ಜನಾಂಗ ಎನ್ನಲು ನಾಚಿ ಪ್ರಾಣಿಶಾಸ್ತ್ರದ ಮಾತು ತಂದರೆ ಅಂತರ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆಟದ ಪುಸ್ತಕಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎನ್ನುವವರಿಗೆ ಇನ್ನೊಂದು ಪುಸ್ತಕ ನೆನಪಿಸುತ್ತೇನೆ. ಹೊಸಪೇಟೆ, ಕಂಪ್ಲಿಗಳೆಲ್ಲ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲ. ಸಂಡೂರು ಮಾತ್ರ ಘೋರ್ಪಡೆ ಮನೆತನದ ಸಂಸ್ಥಾನ. ಎಡ್ಗರ್ ಥರ್ಸ್ಟನ್ ಎಂಬ ಮದ್ರಾಸ್ ಮ್ಯೂಸಿಯಂನ ಅಧಿಕಾರಿ ತಲೆ, ಮೂಗುಗಳ ಅಳತೆ ತೆಗೆದು, ದಕ್ಷಿಣದ ಜಾತಿ ಬುಡಕಟ್ಟುಗಳ ಬಗ್ಗೆ 1909ರಲ್ಲಿ ಏಳು ಸಂಪುಟ ಹೊರತಂದ. ಪ್ರತಿಯೊಂದು ಜಾತಿಗೂ ಅಕ್ಷರಮಾಲೆಯಂತೆ ಒಂದು ನಮೂದು. ಉಡುಪು, ಮದುವೆ, ದೇವರು, ಗುಣಸ್ವಭಾವ. ಎರಡು ವರ್ಷದ ಮೇಲೆ, 1911ರಲ್ಲಿ, ಅಪರಾಧಿ ಬುಡಕಟ್ಟುಗಳ ಕಾಯಿದೆ ಈ ಪ್ರಾಂತ್ಯಕ್ಕೂ ಬಂತು. ಕೊರವರಂಥವರ ಹೆಸರು ಪಟ್ಟಿಗೆ ಸೇರಿತು. ನೋಂದಣಿಯಾದವನ ಬೆರಳಚ್ಚು ತೆಗೆಯಬಹುದಿತ್ತು, ಅವನು ಹೊತ್ತು ಹೊತ್ತಿಗೆ ಹಾಜರಿ ಕೊಡಬೇಕೆಂದು ವಿಧಿಸಬಹುದಿತ್ತು. ಕಳವು ಮಾಡಿದ್ದಾನೋ ಇಲ್ಲವೋ ಎಂಬ ಪ್ರಶ್ನೆ ಆಮೇಲಿನದು. 1952ರಲ್ಲಿ ಕಾಯಿದೆ ರದ್ದಾಯಿತು. ದಾಳ ಹಾಕದೆಯೇ ಸೋತವರು ಅವರು.

ನಮ್ಮ ದೊಡ್ಡಾಟ ಈ ವಿಷಯದಲ್ಲಿ ನನಗೆ ಹೆಚ್ಚು ಮೆಚ್ಚುಗೆ. ಅದು ಭೇದವನ್ನು ಮುಚ್ಚಿಡುವುದಿಲ್ಲ. ರಾಕ್ಷಸನ ಸೋಗು ಬಂದರೆ ಅಟ್ಟ ನಡುಗಬೇಕು, ಹನುಮಂತನಿಗೆ ಬಾಲ ಇರಲೇಬೇಕು. ಆದರೆ ಬಾಲದ ಗಂಟು ಕಾಣುತ್ತಿರುತ್ತದೆ, ಬಣ್ಣದ ಕೆಳಗಿರುವವನು ಯಾರ ಮಗನೆಂದು ಊರಿಗೆಲ್ಲ ಗೊತ್ತು. ಮರುದಿನ ಬೆಳಿಗ್ಗೆ ಅವನು ಕಿವಿಯ ಹಿಂದೆ ಇನ್ನೂ ಒಂದಿಷ್ಟು ಕೆಂಪು ಬಣ್ಣ ಇಟ್ಟುಕೊಂಡೇ ಹೋಟೆಲಿನಲ್ಲಿ ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತಿರುತ್ತಾನೆ. ‘ಏ ರಾವಣಪ್ಪ, ಚಾ ಹೇಳ್ಲೇನು?’ ಎನ್ನುತ್ತಾರೆ. ಆ ಹೆಸರು ಕೆಲವರಿಗೆ ಸಾಯುವ ತನಕ ಉಳಿಯುವುದೂ ಉಂಟು.